ಜೋಕಾಲಿ ನಿಲ್ಲಿಸಿದ ಧಾಟಿ

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವನು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುವವನು ಬೇರೇನು ತಾನೇ ಮಾಡಿಯಾನು? ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಮ್ಮೂರು ವಾಡಿಯಲ್ಲಿ ನಡೆದದ್ದನ್ನು ನೆನೆದರೆ ತಲೆ ತಗ್ಗುತ್ತದೆ.

ಎಪ್ಪತ್ತರ ದಶಕದ ಮಾತು. ರೈಲ್ವೆ ನಿಲ್ದಾಣದ ಆಚೆಯ ಬಯಲಿನಲ್ಲಿ ಸರ್ಕಸ್ಸಿನವರು ಬಿಡಾರ ಹೂಡಿದ್ದರು. ಅವರ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುವವನಿಗೆ ಜ್ವರ ಬಂತು. ಮದುವೆಗಳಲ್ಲಿ ಹವ್ಯಾಸಕ್ಕೆ ನುಡಿಸುತ್ತಿದ್ದ ನನ್ನನ್ನು ಬ್ಯಾಂಡ್ ಮಾಸ್ತರ್ ಖಾದರ್ ಸಾಹೇಬರು ಹುಡುಕಿಕೊಂಡು ಬಂದರು. ನನಗೆ ಹಿಗ್ಗೋ ಹಿಗ್ಗು.

"ಕಷ್ಟ ಏನಿಲ್ಲರಿ ಮಾಸ್ತರ್. ನನ್ನ ಕೈ ನೋಡ್ಕೋತ ಊದ್ರಿ, ಸಾಕು" ಎಂದು ಬೆಳಿಗ್ಗೆ ಕೂಡಿಸಿಕೊಂಡು ಕೆಲವು ಧಾಟಿ ಕಲಿಸಿದರು.

ಮಧ್ಯಾಹ್ನದ ಆಟಕ್ಕೆ ಶಹಾಬಾದಿನಿಂದಲೂ ಜನ ಬಂದಿದ್ದರು. ಕೊನೆಗೆ ಜೋಕಾಲಿಯ ಸರದಿ. ಸರೋಜಾ ಎಂಬ ಹುಡುಗಿ ಮೇಲೆ ತೂಗುತ್ತ ಎದುರಿನ ಖಾಲಿ ಜೋಕಾಲಿಗೆ ಹಾರುವುದರಲ್ಲಿದ್ದಳು. ಒಮ್ಮೆಲೇ ನನ್ನ ಬೆರಳುಗಳು ನನ್ನ ಮಾತು ಕೇಳಲಿಲ್ಲ. ನಾನೆಂದೂ ಕೇಳಿರದ, ನಿಧಾನವಾದ ಏನನ್ನೋ ನುಡಿಸತೊಡಗಿದವು. ನಿಲ್ಲಿಸಲು ಹೋದರೆ ತುಟಿಯೂ ಬಿಡಲಿಲ್ಲ. ಖಾದರ್ ಸಾಹೇಬರು ಕಣ್ಣು ಕೆಕ್ಕರಿಸಿದರು. ಸರೋಜಾ ಹಾರದೆ ತನ್ನ ಅಟ್ಟಣಿಗೆಗೆ ಮರಳಿದಳು. ಅಷ್ಟರಲ್ಲಿ ಖಾಲಿ ಜೋಕಾಲಿಯ ಹಗ್ಗ ಹರಿದು, ಅದು ಕೆಳಗೆ ಕಟ್ಟಿದ್ದ ಬಲೆಯಿಂದಾಚೆ ನೆಲಕ್ಕೆ ಅಪ್ಪಳಿಸಿತು.

"ಅದು ಹಾರಬ್ಯಾಡ ಅನ್ನೋ ನಮ್ಮ ಇಶಾರೆ ರೀ" ಎಂದರು ಆಮೇಲೆ ಖಾದರ್ ಸಾಹೇಬರು. "ನಾ ನಿಮಗ ಕಲಿಸೇ ಇಲ್ಲಲ್ಲ! ಹಗ್ಗ ಹರೀತದ ಅಂತ ಹ್ಯಾಂಗ ಗೊತ್ತಾತು?"

"ನನಗೇನೂ ಗೊತ್ತಿಲ್ಲರಿ. ಅದು ನಾ ಊದಿದ್ದಲ್ಲ" ಎಂದೆ. ವಿನಯಕ್ಕೆ ಹಾಗೆನ್ನುತ್ತೇನೆ ಎಂದುಕೊಂಡರು. ಊರವರೂ ಅಷ್ಟೆ. ಹೆಂಡತಿ ಆರತಿ ಎತ್ತಿದಳು. ನಿಜ ಹೇಳಿದಷ್ಟೂ ಹೊಗಳಿಕೆ ಹೆಚ್ಚಿತು. ನಾಚಿಕೆಗೆ ಬಜಾರಿನ ದಾರಿ ಬಿಟ್ಟು, ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ.

ಬಿಡಾರ ಎತ್ತುವ ದಿನ ಸರೋಜಾ ಖಾದರ್ ಸಾಹೇಬರೊಂದಿಗೆ ಮನೆಗೆ ಬಂದಳು. ಈ ಕಡೆಯ ಹುಡುಗಿಯೇ. ಕಾಲು ಮುಟ್ಟಿ, "ಅಣ್ಣಾ, ಅದನ್ನ ಇನ್ನೊಮ್ಮೆ ಊದ್ರಿ. ಕೇಳಿ ಹೋಗ್ತೀನಿ" ಎಂದಳು.

ಕ್ಲಾರಿಯೊನೆಟ್ ತಂದು ಕುಳಿತೆ. ಒಂದು ಸ್ವರವೂ ಹೊಳೆಯಲಿಲ್ಲ. ಖಾದರ್ ಸಾಹೇಬರು ಗುನುಗಿ ತೋರಿಸಿದರು. ಅಷ್ಟು ಸುಲಭದ ಧಾಟಿ, ಆದರೂ ಬರೀ ಉಸಿರು ಹೊರಬಂತು.

"ಚಾಷ್ಟಿ ಮಾಡಬ್ಯಾಡ್ರಿ ಮಾಸ್ತರ್" ಎಂದು ಅವರು, ನಾನು ತಮಾಷೆ ಮಾಡುತ್ತಿದ್ದೇನೆಂದೇ ತಿಳಿದು, ನಕ್ಕರು. ಸರೋಜಾ ನಗಲಿಲ್ಲ.

"ನನ್ನ ಮ್ಯಾಲ ಸಿಟ್ಟೇನ್ರಿ?" ಎಂದಳು.

ಇಲ್ಲವೆಂದು ತಲೆಯಾಡಿಸಿದೆ. ಮುಖ ಎತ್ತಿ ಅವಳನ್ನು ನೋಡಲಾಗಲಿಲ್ಲ. ಬೇಕೆಂದೇ ನುಡಿಸಲಿಲ್ಲ ಎಂದುಕೊಂಡೇ ಅವಳು ಹೋಗಿರಬೇಕು. ಆ ಮಧ್ಯಾಹ್ನ ನನ್ನ ಬೆರಳು ಆಡಿಸಿದ್ದು ಯಾರು, ಮತ್ತೆ ಏಕೆ ಬರಲಿಲ್ಲ, ನನಗಿನ್ನೂ ತಿಳಿದಿಲ್ಲ.