ಒರೆಸಿಹೋದ ಮಚ್ಚೆ

ನನ್ನ ತಮ್ಮನದು ಫೋಟೋ ಸ್ಟುಡಿಯೋ. ಎದುರಿಗೆ ಕೂತವರ ಮುಖದ ಕಲೆ, ಗುಳ್ಳೆ, ಗಾಯದ ಗುರುತನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿಯೇ ಪ್ರಿಂಟ್ ತೆಗೆಯುವುದು ಅವನ ಇಪ್ಪತ್ತು ವರ್ಷದ ಚಾಳಿ. ಯಾರೂ ಕೇಳಿರುವುದಿಲ್ಲ, ಇವನೂ ಹೇಳುವುದಿಲ್ಲ. ಕೈ ಸುಮ್ಮನಿದ್ದರೆ ತಾನೆ!

ಅವನ ಮಗಳಿಗೆ ಹದಿನಾಲ್ಕಕ್ಕೇ ಮೊಡವೆ ಶುರುವಾಯಿತು. ಮನೆಗೆ ಬಂದವರೆಲ್ಲ ಡಾಕ್ಟರುಗಳೇ. ಕರಿದದ್ದು ತಿನ್ನಬೇಡ ಎಂದರು, ನಿಂಬೆರಸ ತಿಕ್ಕಿಸಿದರು, ಟೂತ್‌ಪೇಸ್ಟ್ ಹಚ್ಚಿಸಿದರು. ಹುಡುಗಿ ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜಿ ಕೆನ್ನೆಯನ್ನು ಹಸಿಗಾಯ ಮಾಡಿಕೊಂಡಳು. ಹೀಗೇ ಮೂರು ವರ್ಷ ಕಳೆದ ಮೇಲೆ ಕೊನೆಗೆ ನಾನೇ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಇದು ಕೊಳಕಿನಿಂದ ಬಂದದ್ದಲ್ಲ, ಈ ವಯಸ್ಸಿಗೆ ಚರ್ಮದಲ್ಲಿ ಜಿಡ್ಡು ಹೆಚ್ಚಿ ರಂಧ್ರ ಕಟ್ಟಿಕೊಳ್ಳುತ್ತದೆ ಎಂದರು ಆಯಮ್ಮ. ಎರಡೇ ಸಲ ಮೆಲ್ಲಗೆ ತೊಳೆ, ಚಿವುಟಬೇಡ, ಈ ಮುಲಾಮು ಹಚ್ಚು, ಮೂರು ತಿಂಗಳಾದರೂ ತಾಳ್ಮೆ ಇರಲಿ ಎಂದರು. ಅವಳು ಹಾಗೆಯೇ ಮಾಡುತ್ತಿದ್ದಳು. ಎರಡನೇ ತಿಂಗಳು ನಡೆಯುತ್ತಿರುವಾಗ ನರ್ಸಿಂಗ್ ಪ್ರವೇಶ ಪರೀಕ್ಷೆ ಬಂತು. ವರ್ಷಕ್ಕೆ ಒಂದೇ ಸಲ ನಡೆಯುವ ಪರೀಕ್ಷೆ ಅದು.

ಅವತ್ತು ನಾವು ಮೂವರೂ ಪರೀಕ್ಷಾ ಕೇಂದ್ರ ತಲುಪಿದಾಗ ಗೇಟು ಮುಚ್ಚಲು ಹದಿನೈದು ನಿಮಿಷವಿತ್ತು. ತಪಾಸಣೆಯ ಮೇಡಂ ಪ್ರವೇಶಪತ್ರ ನೋಡಿದರು, ಹುಡುಗಿಯ ಮುಖ ನೋಡಿದರು, ಮತ್ತೆ ಪತ್ರ ನೋಡಿದರು.

"ಎಡಗೆನ್ನೆ ಮೇಲೆ ಮಚ್ಚೆ ಅಂತ ಬರೆದಿದೆ. ಫೋಟೋದಲ್ಲಿ ಎಲ್ಲಮ್ಮಾ ಮಚ್ಚೆ? ಇದು ನೀನೇನಾ?"

ಆ ಫೋಟೋ ತೆಗೆದದ್ದು ನನ್ನ ತಮ್ಮ. ಮೊಡವೆ ಒರೆಸುವ ಭರದಲ್ಲಿ ಹುಟ್ಟುಮಚ್ಚೆಯನ್ನೂ ಒರೆಸಿಬಿಟ್ಟಿದ್ದ ಪುಣ್ಯಾತ್ಮ! ಅಷ್ಟಾದರೂ ಪ್ರಿಂಟ್ ಸರಿಯಾಗಿ ಬಂದಿಲ್ಲ ಎಂದು ಬೊಗಳೆ ಬಿಡಲು ಹೊರಟ. ಅಲ್ಲೇ ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು. ಮೇಡಂ ಪತ್ರವನ್ನು ಪಕ್ಕಕ್ಕಿಟ್ಟು ಹಿಂದಿನವರನ್ನು ಕರೆದರು. ಸಾಲಿನಲ್ಲಿದ್ದವರೆಲ್ಲ ಹುಡುಗಿಯ ಮುಖವನ್ನೇ ನೋಡುತ್ತಿದ್ದರು.

ಅವಳು ಅಪ್ಪನ ಕಡೆ ತಿರುಗಿದಳು. "ನೀನೇ ಅಳಿಸಿದ್ದಲ್ವಾ ಅಪ್ಪ? ನಿಂಗೂ ನನ್ನ ಮುಖ ನೋಡಕ್ಕಾಗ್ಲಿಲ್ವಾ?"

ಅವನು ಮೇಡಂ ಮುಂದೆ ಕೈಮುಗಿದು, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅವಳ ಕಾಲೇಜಿನ ಗುರುತಿನ ಕಾರ್ಡಿಗೆ ಅಲ್ಲಿಯವರೇ ತೆಗೆದಿದ್ದ ಫೋಟೋದಲ್ಲಿ ಮಚ್ಚೆ ಇತ್ತು. ಅದನ್ನು ನೋಡಿದ ಮೇಡಂ ಒಂದು ಬಿಳಿ ಹಾಳೆ ಕೊಟ್ಟು, ನಡೆದದ್ದನ್ನು ಬರೆದು ಸಹಿ ಮಾಡಿ, ಬೇಗ ಎಂದರು. ಇನ್ನು ನಾಲ್ಕೇ ನಿಮಿಷ. ಫೋಟೋ ತಿದ್ದಿದವನು ನಾನೇ ಎಂದು ತಮ್ಮ ಬರೆದ. ಮಗಳ ಮುಖ ಚೆನ್ನಾಗಿ ಕಾಣಲಿ ಎಂದು ಹಾಗೆ ಮಾಡಿದೆ ಎಂದೂ ಬರೆದ.

ಅವಳು ಪೆನ್ನು ಕಿತ್ತುಕೊಂಡು ಆ ಸಾಲನ್ನು ಹೊಡೆದು ಹಾಕಿದಳು.

"ಕಾರಣ ಬೇಡ ಅಪ್ಪ. ಇವಳು ನನ್ನ ಮಗಳು ಅಂತ ಬರಿ, ಸಾಕು."

ಬರೆದ. ಅವಳು ತಿರುಗಿ ನೋಡದೆ ಒಳಗೆ ಓಡಿದಳು, ಗೇಟು ಮುಚ್ಚಿತು. ಪರೀಕ್ಷೆ ಮೂರು ಗಂಟೆ. ಕೂತ್ಕೊಳ್ಳೋ ಎಂದು ನಾನು ಎಷ್ಟು ಸಲ ಹೇಳಿದರೂ ಅವನು ಬಿಸಿಲಿನಲ್ಲೇ ನಿಂತಿದ್ದ.