ನೆಲದ ಪಾಲು

ಹಾನಗಲ್ಲಿನ ಹೊರಗೆ, ನಮ್ಮ ಹೊಲದ ಅಂಚಿನಲ್ಲಿ ಹನ್ನೊಂದು ಪೇರಲ ಗಿಡಗಳಿವೆ. ಮೂರು ಮಳೆಗಾಲ ಸತತವಾಗಿ ಹಣ್ಣಿಗೆ ಹುಳ ಬಿದ್ದ ಮೇಲೆ ಅಪ್ಪ ಊಟಕ್ಕೆ ಕೂತಾಗ ತೀರ್ಮಾನ ಹೇಳಿದ.

"ಈ ಸಲಾನೂ ಹುಳ ಬಿದ್ರ ಎಲ್ಲಾ ಕಡಿಸಿ ಗೋವಿನಜೋಳ ಹಾಕ್ತೇನಿ. ಹಿರೇಕೆರೂರ ಕಡೆ ಎಲ್ಲಾರೂ ಅದನ್ನ ಹಾಕ್ತಾರ, ಯಾರರ ಪೇರಲ ಹಚ್ಚ್ಯಾರೇನು?"

"ಹುಳ ಎಲ್ಲಿಂದ ಬರ್ತಾವಂತ ನೋಡೂಣು ತಡಿ," ಅಂದೆ.

"ನೋಡವಾ. ಗಿಡದ ಬುಡಕ್ಕ ಕುಂತು ನೋಡು."

ಕೂತೇಬಿಟ್ಟೆ. ಜೂನ್ ಕೊನೆಯ ಸೋಮವಾರದಿಂದ ದಿನಾ ಬೆಳಿಗ್ಗೆ ಒಂದೇ ಗಿಡದ ಕೆಳಗೆ ಕೂತು, ನೊಣ ಯಾವ ಕಾಯಿಯ ಮೇಲೆ ಇಳಿಯಿತೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಹೋದೆ. ಕಣಜದ ಹುಳದಂತೆ ಸಣ್ಣ ನಡುವಿನ ಕಂದು ನೊಣ. ಗಟ್ಟಿ ಹಸಿರು ಕಾಯಿಯ ಮೇಲೆ ಇಳಿದರೂ ಹೆಚ್ಚು ಹೊತ್ತು ನಿಲ್ಲದು. ಬಣ್ಣ ತಿರುಗಿದ ಕಾಯಿ ಸಿಕ್ಕರೆ ಸುತ್ತ ನಡೆದಾಡಿ, ರೆಕ್ಕೆ ಅಲುಗಿಸಿ, ಹಿಂಭಾಗವನ್ನು ಬಾಗಿಸಿ ಸೂಜಿಯಂತೆ ಚುಚ್ಚುತ್ತದೆ. ಒಂದು ಚುಚ್ಚಿದ ತೂತನ್ನೇ ಹುಡುಕಿಕೊಂಡು ಇನ್ನೊಂದು ಬಂದು ಅಲ್ಲೇ ಮೊಟ್ಟೆ ಇಡುವುದನ್ನೂ ನೋಡಿದೆ.

ಹಾಗೆ ಚುಚ್ಚಿಸಿಕೊಂಡ ಹಣ್ಣು ಬೇಗ ಉದುರುತ್ತದೆ. ತಾನಾಗಿ ಬಿದ್ದ ಹಣ್ಣನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದು ನೆಲದ ಪಾಲು. ಅಜ್ಜಿಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ನಾನು ಅಂಥ ಎರಡು ಹಣ್ಣನ್ನು ಡಬ್ಬಿಯಲ್ಲಿ ಮಣ್ಣಿನ ಮೇಲಿಟ್ಟು ಬಾಯಿಗೆ ಅರಿವೆ ಕಟ್ಟಿದೆ. ಹುಳಗಳು ಹೊರಬಿದ್ದು ಮಣ್ಣಿಗಿಳಿದವು. ಎರಡು ವಾರ ಕಳೆಯುವಷ್ಟರಲ್ಲಿ ಅರಿವೆಯ ಒಳಗೆ ಅದೇ ಸಣ್ಣ ನಡುವಿನ ನೊಣಗಳು ಹಾರಾಡುತ್ತಿದ್ದವು.

ಅಂದೇ ಬಕೆಟ್ ಹಿಡಿದು ಬಿದ್ದ ಹಣ್ಣನ್ನೆಲ್ಲ ಆರಿಸಿದೆ. ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗಿಟ್ಟೆ. ಅಜ್ಜಿ ಹೊಲದ ಮನೆಯ ಕಟ್ಟೆಯಿಂದಲೇ ಕೂಗಿದಳು.

"ಭೂಮಿತಾಯಿ ಪಾಲಿಗೆ ಕೈ ಹಾಕ್ತಿಯೇನ?"

"ಭೂಮಿತಾಯಿ ಉಣ್ಣಾಕತ್ತಿಲ್ಲ ಅಜ್ಜಿ. ನೊಣ ಉಣ್ಣಾಕತ್ತಾವು."

"ನಾಲಿಗಿ ನೋಡು, ಮೊಳ ಉದ್ದ ಆಗೇತಿ!"

ಮೂರು ದಿನ ಅಜ್ಜಿ ನನಗೆ ರೊಟ್ಟಿ ಬಡಿಸಲಿಲ್ಲ. ನಾನೇ ಬಡಿಸಿಕೊಂಡು ಉಂಡೆ, ಬೆಳಿಗ್ಗೆ ಎದ್ದು ಮತ್ತೆ ಆರಿಸಿದೆ. ಗಿಡದ ಮೇಲಿನ ಕಾಯಿಯನ್ನು ಬಣ್ಣ ತಿರುಗುವ ಮೊದಲೇ ಕಿತ್ತು ಬುಟ್ಟಿಯಲ್ಲಿ ಹಣ್ಣಾಗಲು ಇಟ್ಟೆ.

ಆಗಸ್ಟ್ ಕೊನೆಗೆ ಅಪ್ಪ ಬುಟ್ಟಿಯಿಂದ ಇಪ್ಪತ್ತು ಹಣ್ಣು ತೆಗೆದು ಕೊಯ್ದ. ಮೂರರಲ್ಲಿ ಹುಳ.

"ಬಂದಾವಲ್ಲ?"

"ಹೋದ ವರ್ಷ ಇಪ್ಪತ್ತರಾಗ ಚಲೋವು ಮೂರಿದ್ವು. ಈಗ ಬಂದಿದ್ದು ಬೇಲಿ ಆಚಿ ಪೇರಲ ತೋಟದ್ದು. ಅಲ್ಲಿ ಯಾರೂ ಆರ್ಸೂದಿಲ್ಲ."

"ಅವರ ತೋಟಕ್ಕೂ ನೀನ ಹೋಗ್ತಿಯೇನ?"

"ಹೋಗ್ತೇನಿ. ನೀ ಕೊಡ್ಲಿ ಎತ್ತಬ್ಯಾಡ."

ಅಪ್ಪ ಚಾಕು ಒರೆಸಿದ. "ಮುಂದಿನ ಮಳಿಗಾಲದ ತನಕ. ಅಷ್ಟ."

ಮರುದಿನ ಬೇಲಿ ದಾಟಿದೆ. ಅರ್ಧ ಬಕೆಟ್ ತುಂಬುವಷ್ಟರಲ್ಲಿ ತೋಟದ ಯಜಮಾನರು ಬಂದರು.

"ಯಾರವಾ ಅದು, ಕೊಳತ ಹಣ್ಣು ಕದಿಯಾಕ ಬಂದಾಕಿ?"

"ಹಣ್ಣಲ್ಲರಿ ಕಾಕಾ, ಹುಳ ಒಯ್ಯಾಕತ್ತೇನಿ. ಬೇಕಂದ್ರ ಎಣಿಸಿ ವಾಪಸ್ ಕೊಡ್ತೇನ್ರಿ."

ಅವರು ನಗಲಿಲ್ಲ. ಮರುದಿನ ನಾನು ದಾಟುವ ಜಾಗಕ್ಕೆ ಜಾಲಿಮುಳ್ಳು ಬಿದ್ದಿತ್ತು. ಮನೆಗೆ ಬಂದು ಮುಳ್ಳು ಸವರಲು ಕುಡುಗೋಲು ತೆಗೆದುಕೊಂಡು ಹೋದೆ.