ದೊಡ್ಡಮ್ಮ ಏಣಿಯಿಂದ ಬಿದ್ದ ಕಥೆ

ದೊಡ್ಡಮ್ಮ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಳಗೆ ನೀರು ಕುಲುಕಿದರೆ ಕಾಯಿ ವಾಪಸ್ ಅಟ್ಟಕ್ಕೆ; ಲೊಟಲೊಟ ಅಂದರೆ ಕೊಬ್ಬರಿಯಾಗಿದೆ ಅಂತ. ಅರವತ್ತು ದಾಟಿದ ಮೇಲೂ ಸೀರೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅದಕ್ಕಾಗಿ ಅಪ್ಪನ ಜೊತೆ ಜಗಳಕ್ಕೆ ನಿಂತವಳೂ ದೊಡ್ಡಮ್ಮನೇ.

ಒಂದು ಬೆಳಿಗ್ಗೆ ಅಂಗಳದಲ್ಲಿ ತೆಂಗಿನ ಗರಿ ಎಡವಿ, ಕೈಯೂರಿ ಬಿದ್ದಳು. ಮಣಿಕಟ್ಟು ಮುರಿಯಿತು. ಕಂಡವಳು ನಾನೊಬ್ಬಳೇ. ಅಕ್ಕಪಕ್ಕದವರು ಓಡಿ ಬರುವಷ್ಟರಲ್ಲಿ ಅವಳ ಕಥೆ ತಯಾರಾಗಿತ್ತು: "ಅಟ್ಟದ ಏಣಿಯಿಂದ ಬಿದ್ದೆ ಕಣ್ರವ್ವ!" ಗರಿ ಎಡವಿ ಕೈ ಮುರ್ಕೊಂಡ್ಳು ಅಂತ ಊರು ಆಡಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ತಿಪಟೂರಿನ ಡಾಕ್ಟರಮ್ಮನ ಮುಂದೆಯೂ ಅದೇ ಏಣಿ. ನನಗೆ ತಡೆಯಲಾಗಲಿಲ್ಲ. "ಇಲ್ಲ ಮೇಡಂ, ಅಂಗಳದಲ್ಲಿ ಎಡವಿದ್ದು" ಅಂದುಬಿಟ್ಟೆ.

ದೊಡ್ಡಮ್ಮ ಕೆಕ್ಕರಿಸಿದಳು. "ಇದಕ್ಕೇ ಓದ್ಸಿದ್ನೇನೇ ನಿನ್ನ?"

ಡಾಕ್ಟರಮ್ಮ ನಗಲಿಲ್ಲ. "ಏಣಿಯಿಂದ ಬಿದ್ರೆ ಗಟ್ಟಿ ಮೂಳೆನೂ ಮುರೀಬಹುದಮ್ಮ. ನಿಂತ ಜಾಗದಲ್ಲೇ ಬಿದ್ದು ಮುರಿದ್ರೆ ಮೂಳೆನೇ ಸವೆದಿರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಹೀಗಾಗುತ್ತೆ. ಮುಂದಿನ ಸಲ ಸೊಂಟ ಮುರಿದ್ರೆ ನಡೆಯೋದೇ ಕಷ್ಟ."

ದೊಡ್ಡಮ್ಮ ಮುರಿದ ಕೈಯನ್ನೊಮ್ಮೆ ನೋಡಿಕೊಂಡಳು. "ಮುಟ್ಟು ನಿಂತಾಗ ಪೀಡೆ ತೊಲಗ್ತು ಅಂತ ಕುಣಿದಿದ್ದೆ ಕಣವ್ವ. ಹೋಗ್ತಾ ಮೂಳೆನೂ ಹೊತ್ಕೊಂಡು ಹೋಯ್ತಾ?"

ಈಗ ಡಾಕ್ಟರಮ್ಮನೂ ನಕ್ಕರು. ಸ್ಕ್ಯಾನ್ ಆಯಿತು, ಮೂಳೆ ಸವೆದದ್ದು ನಿಜವಾಯಿತು. ಮಾತ್ರೆ, ಬೆಳಗಿನ ನಡಿಗೆ, ಏಣಿಗೆ ರಜ. ಅಟ್ಟಕ್ಕೆ ನಾನು ಹತ್ತತೊಡಗಿದೆ. ಅವಳು ಕೆಳಗೆ ಕುರ್ಚಿ ಹಾಕಿಕೊಂಡು, "ಅದಲ್ಲ ಕಣೇ, ಪಕ್ಕದ್ದು ಕೊಡು" ಅನ್ನುತ್ತಿದ್ದಳು.

ಊರಿಗೆ ಮಾತ್ರ ಏಣಿಯ ಕಥೆಯೇ. ಕಿಬ್ಬನಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರನ್ನೂ ಬಿಡುತ್ತಿರಲಿಲ್ಲ: "ಮುಟ್ಟು ನಿಂತೈತೇನವ್ವ? ಮೂಳೆ ತೋರಿಸ್ಕೊ. ನಂದು ಬುಡು, ಅಟ್ಟದಿಂದ ಬಿದ್ದೋಳು. ನೀನು ಗರಿ ಎಡವಿ ಮುರ್ಕೊಂಡ್ರೆ ಮಾನ ಉಳೀತದಾ?" ಕಂಡಕ್ಟರ್ ಕಿಟಕಿ ಕಡೆ ತಿರುಗಿಕೊಳ್ಳುತ್ತಿದ್ದ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ತೋಟ ಸುತ್ತಿ ಬಂದು, ಉಂಡು, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಸೊಂಟ ಕೊನೆವರೆಗೂ ಮುರಿಯಲಿಲ್ಲ. ಅವಳ ಮಾತಿಗೇ ಹೋಗಿ ಮೂಳೆ ತೋರಿಸಿಕೊಂಡು ಬಂದಿದ್ದ ಪಕ್ಕದ ಮನೆಯ ಗಂಗಕ್ಕ ಕಣ್ಣೊರೆಸಿಕೊಳ್ಳುತ್ತಾ, "ಅಟ್ಟದಿಂದ ಬಿದ್ರೂ ಕೈಯಷ್ಟೇ ಮುರ್ದಿದ್ದು. ಎಂಥಾ ಮೂಳೆ ಕಣವ್ವ ಅವಳ್ದು!" ಎಂದಳು.

"ಹೌದು ಗಂಗಕ್ಕ," ಅಂದೆ, "ಅದೂ ಏಣಿಯ ತುದಿಯ ಮೆಟ್ಟಿಲಿಂದ."